ಮೊದಲ ದಿನ ಪುಸ್ತಕ ತೆರೆಯಬೇಡಿ

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಲನಿವಾಸಿ ವಯಸ್ಕರಿಗೆ ನಾನು ಗಣಿತ ಹೇಳಿಕೊಡುತ್ತೇನೆ. ಅರ್ಧಕ್ಕೆ ನಿಂತ ಓದನ್ನು ಮುಗಿಸಿ, ಕೆಲಸದ ತರಬೇತಿಗೆ ಸೇರಬೇಕೆಂದು ಬರುವವರು ಇವರು. ಇಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಯಾರಾದರೂ ಬೋಧಕರಾಗಿ ಕೈಜೋಡಿಸುವುದಾದರೆ, ಮೊದಲ ದಿನ ಒಂದೇ ಮಾತು ಕೇಳಿ: "ನಿಮಗೆ ಯಾವ ಕೆಲಸ ಬೇಕು?"

"ಎಷ್ಟನೇ ತರಗತಿಗೆ ಬಿಟ್ಟಿರಿ?" ಎಂದು ನಾನು ಮೊದಲ ವರ್ಷ ಕೇಳುತ್ತಿದ್ದೆ. ಒಬ್ಬ ಹೆಂಗಸು ಅಂದೇ ಎದ್ದು ಹೋದರು, ಮತ್ತೆ ಬರಲಿಲ್ಲ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತೊಯ್ದು, ತಾಯಿನುಡಿ ಆಡಿದರೆ ದಂಡಿಸುತ್ತಿದ್ದ ವಸತಿ ಶಾಲೆಗಳು ಈ ದೇಶದಲ್ಲಿ ಕೊನೆಗೊಂಡದ್ದು 1990ರ ದಶಕದಲ್ಲಿ. ಕಪ್ಪುಹಲಗೆ ಕಂಡರೆ ಎದೆ ಬಿಗಿಯುವವರು ಇವತ್ತಿಗೂ ಇದ್ದಾರೆ. ಅದನ್ನು ನಾನು ಮೊದಲೇ ತಿಳಿದಿರಬೇಕಿತ್ತು.

ಕೆಲಸ ಯಾವುದೆಂದು ಗೊತ್ತಾದ ಮೇಲೆ ಅದರ ತರಬೇತಿಗೆ ಬೇಕಾದ ಅರ್ಹತೆ ನೋಡಿ, ಅಲ್ಲಿಂದ ಹಿಂದಕ್ಕೆ ಪಾಠ ಜೋಡಿಸಿ. ಕಾಲೇಜು ನಡೆಸುವ ಮಟ್ಟ ನಿರ್ಣಯ ಪರೀಕ್ಷೆಯಲ್ಲಿ ಪಾಸು, ಫೇಲು ಇಲ್ಲವೆಂದು ಮುಂಚೆಯೇ ಹೇಳಿ. ಬಡಗಿಯಾಗಬೇಕೆನ್ನುವವರಿಗೆ ಭಿನ್ನರಾಶಿಯನ್ನು ಅಳತೆಯ ಟೇಪಿನಲ್ಲೇ ಕಲಿಸಿ. ಇಲ್ಲಿ ಮನೆ ಕಟ್ಟುವ ಮರಗೆಲಸ ಈಗಲೂ ಇಂಚಿನ ಲೆಕ್ಕದಲ್ಲಿ ನಡೆಯುತ್ತದೆ. 3/8 ದೊಡ್ಡದೋ 5/16 ದೊಡ್ಡದೋ ಎಂದು ಹಾಳೆಯ ಮುಂದೆ ತಡವರಿಸಿದವರು, ಟೇಪಿನ ಗೆರೆ ಎಣಿಸಿ ಥಟ್ಟನೆ ಉತ್ತರ ಹೇಳಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಇನ್ನು ಹಣ. ಈ ಪ್ರಾಂತ್ಯದ ಸಾರ್ವಜನಿಕ ಕಾಲೇಜುಗಳಲ್ಲಿ ವಯಸ್ಕರ ಮೂಲಶಿಕ್ಷಣಕ್ಕೆ 2017ರಿಂದ ಬೋಧನಾ ಶುಲ್ಕವಿಲ್ಲ. ಆದರೆ ನನ್ನ ತರಗತಿಯಿಂದ ಜನರನ್ನು ಎಳೆದೊಯ್ದದ್ದು ಶುಲ್ಕವಲ್ಲ. ಮನೆ ಬಾಡಿಗೆ, ಮಗುವನ್ನು ನೋಡಿಕೊಳ್ಳುವವರಿಲ್ಲದ ಕಷ್ಟ, ದೂರದ ಬಸ್ ಪ್ರಯಾಣ. ಆದ್ದರಿಂದ ತರಗತಿ ಶುರುವಾಗುವ ಮುಂಚೆಯೇ ವಿದ್ಯಾರ್ಥಿಯ ಜೊತೆ ಅವರ ಬ್ಯಾಂಡ್ ಕಚೇರಿಗೆ, ಅಂದರೆ ಅವರ ಮೂಲನಿವಾಸಿ ಸಮುದಾಯದ ಆಡಳಿತ ಕಚೇರಿಗೆ, ಹೋಗಿ. 2019ರಲ್ಲಿ ಬಂದ ಐಸೆಟ್ ಎಂಬ, ಮೂಲನಿವಾಸಿಗಳ ಕೌಶಲ ಮತ್ತು ಉದ್ಯೋಗ ತರಬೇತಿಗಾಗಿ ಇರುವ ಒಕ್ಕೂಟ ಸರ್ಕಾರದ ಯೋಜನೆಯ ಹಣ ಮೂಲನಿವಾಸಿಗಳದೇ ಸಂಸ್ಥೆಗಳ ಮೂಲಕ ಬರುತ್ತದೆ. ಫಸ್ಟ್ ನೇಷನ್ಸ್, ಇನ್ಯೂಯಿಟ್, ಮೆಟಿ ಎಂಬ ಮೂರು ಮೂಲನಿವಾಸಿ ಗುಂಪುಗಳಿಗೆ ಅದರಲ್ಲಿ ಬೇರೆ ಬೇರೆ ವಿಭಾಗಗಳಿವೆ, ನಗರವಾಸಿಗಳಿಗೂ ಒಂದಿದೆ. ಉಪಕರಣ, ಸುರಕ್ಷತಾ ಬೂಟು, ಶಿಶುಪಾಲನೆ ಇವುಗಳಲ್ಲಿ ಯಾವುದಕ್ಕೆ ನೆರವು ಸಿಗುತ್ತದೆಂದು ಬರಹದಲ್ಲೇ ಕೇಳಿ ಪಡೆಯಿರಿ.

ಊರಿನಲ್ಲಿ ಸಾವಾದಾಗ, ಸಾಲ್ಮನ್ ಮೀನು ನದಿಗೆ ಏರಿ ಬಂದು ಮೀನು ಹಿಡಿಯುವ ಕಾಲ ಶುರುವಾದಾಗ, ಯಾರಾದರೂ ಒಂದು ವಾರ ಕಾಣಿಸದೆ ಇರಬಹುದು. ಹೆಸರು ಹೊಡೆದುಹಾಕಬೇಡಿ. ಪಾಠ ನಿಂತ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಟ್ಟು, ಫೋನ್ ಮಾಡಿ.