ಆಟಕ್ಕೆ ಹೋಗುವವರ ಲೆಕ್ಕದಲ್ಲಿ ಇಬಿಜಾ

ನಾನು, ಹೆಂಡತಿ, ಭಾವಮೈದುನ, ಒಬ್ಬ ಸಹೋದ್ಯೋಗಿ, ಹೀಗೆ ನಾಲ್ಕು ಜನ, ಅದರಲ್ಲಿ ಕುಡಿಯದವರು ಇಬ್ಬರು, ಮಾಂಸ ಮುಟ್ಟದವರು ಮೂವರು, ಸ್ಪೇನಿನ ಪಾರ್ಟಿ ದ್ವೀಪ ಇಬಿಜಾಗೆ ಹೊರಟಿದ್ದೇವೆ ಎಂದಾಗ ಜರ್ಮನಿಯ ನಮ್ಮ ಕನ್ನಡ ಬಳಗದಲ್ಲಿ ನಗದವರೇ ಇರಲಿಲ್ಲ. "ಅಲ್ಲಿ ನೀರಿನ ಬಾಟಲಿಗೇ ಸಾಲ ಮಾಡಬೇಕು" ಎಂದರು ಒಬ್ಬರು. ಊರಿನಿಂದ ಅತ್ತೆ ಫೋನಿನಲ್ಲಿ, "ರಾತ್ರಿಯಿಡೀ ಕುಣಿಯುವುದಕ್ಕೆ ವಿಮಾನ ಹತ್ತಿ ಹೋಗಬೇಕೇ?" ಎಂದರು. 2024ರ ಸೆಪ್ಟೆಂಬರ್ ಕೊನೆಗೆ ಹೋಗಿ, ಐದು ರಾತ್ರಿ ಇದ್ದು, ತಲೆಗೆ ಸುಮಾರು 700 ಯೂರೊ ಒಳಗೆ ಮುಗಿಸಿ ಬಂದೆವು. ನಕ್ಕವರಲ್ಲಿ ಮೂರು ಕುಟುಂಬಗಳು ಈಗ ನನ್ನ ಪಟ್ಟಿ ಕೇಳುತ್ತಿವೆ.

ವೀಸಾ, ವಿಮೆ, ಅಗ್ಗದ ಟಿಕೆಟ್ ಹುಡುಕುವ ವಿದ್ಯೆ ನಿಮಗೆಲ್ಲ ಗೊತ್ತಿರುವುದೇ. ನೇರವಾಗಿ ನನ್ನ ಸೋಲಿಗೆ ಬರುತ್ತೇನೆ.

ಮೊದಲ ಸಲ ಯೋಜನೆ ಹಾಕಿದ್ದು 2023ರ ಆಗಸ್ಟ್‌ಗೆ. ಎಲ್ಲರಂತೆ ನಾನೂ ಮೊದಲು ವಿಮಾನ, ಆಮೇಲೆ ಮನೆ, ಕೊನೆಗೆ ಪಾರ್ಟಿ ಎಂದು ಹೊರಟೆ. ಊರೊಳಗಿನ ಒಂದು ಫ್ಲ್ಯಾಟ್, ಬಾಲ್ಕನಿಯಿಂದ ಕಡಲು, ನಂಬಲಾಗದ ಬಾಡಿಗೆ. 200 ಯೂರೊ ಮುಂಗಡ ಕಳಿಸಿದೆ. ಹೊರಡಲು ಎರಡು ವಾರ ಇರುವಾಗ ಮಾಲೀಕನ ಫೋನ್ ಸತ್ತುಹೋಯಿತು, ಜಾಹೀರಾತೂ ಮಾಯವಾಯಿತು. ಉಳಿದದ್ದೆಲ್ಲ ದುಬಾರಿ, ವಿಮಾನದ ಹಣವೂ ಮುಳುಗಿತು. ಬಲೆಯಾರಿಕ್ ದ್ವೀಪಗಳಲ್ಲಿ ಪ್ರವಾಸಿಗರಿಗೆ ಕೊಡುವ ಮನೆಗೆ ನೋಂದಣಿ ಸಂಖ್ಯೆ ಇರಬೇಕು, ಇಬಿಜಾದಲ್ಲಂತೂ ವಸತಿ ಸಮುಚ್ಚಯದ ಫ್ಲ್ಯಾಟನ್ನು ಹಾಗೆ ಬಾಡಿಗೆಗೆ ಕೊಡುವಂತೆಯೇ ಇಲ್ಲ ಎಂಬುದು ಆಮೇಲೆ ತಿಳಿಯಿತು. ಆ 200 ಯೂರೊ ಇನ್ನೂ ನನ್ನ ಖರ್ಚಿನ ಪುಸ್ತಕದಲ್ಲಿ 'ಬರಬೇಕಾದ ಬಾಕಿ' ಎಂದೇ ಇದೆ. ಹೆಂಡತಿ ತಿಂಗಳಿಗೊಮ್ಮೆ ವಿಚಾರಿಸುತ್ತಾಳೆ.

ಎರಡನೆಯ ಸಲ ಯೋಜನೆಯನ್ನು ತಲೆಕೆಳಗು ಮಾಡಿದೆ. ನಾನು ಪುತ್ತೂರಿನ ಕಡೆಯವನು. ಅಜ್ಜ ಯಕ್ಷಗಾನ ನೋಡುತ್ತಿದ್ದ ಕ್ರಮ ನೆನಪಾಯಿತು. ಆಟ ಶುರುವಾಗುವ ಹೊತ್ತಿಗೆ ಅವರು ಊಟ ಮುಗಿಸಿ ಮಲಗುತ್ತಿದ್ದರು. ಪೂರ್ವರಂಗವೆಲ್ಲ ಕಳೆದು, ಬಣ್ಣದ ವೇಷ ಬರುವ ಹೊತ್ತಿಗೆ ಸರಿಯಾಗಿ ಎದ್ದು, ಸೂಟೆ (ಒಣಗರಿಯ ಪಂಜು) ಹಿಡಿದು ಆಟ ನಡೆಯುವ ಗದ್ದೆಗೆ ಹೋಗಿ, ಮಂಗಳದವರೆಗೂ ಕಣ್ಣು ಮುಚ್ಚದೆ ಕೂರುತ್ತಿದ್ದರು. ಸಂಜೆಯೇ ಚಾಪೆ ಹಾಸಿದ ನಾವು ಮಕ್ಕಳು ರಾಕ್ಷಸನ ಅಬ್ಬರದ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದೆವು. ಇಬಿಜಾದ ಕ್ಲಬ್ಬುಗಳದ್ದೂ ಇದೇ ಲೆಕ್ಕ. ಬಾಗಿಲು ಮಧ್ಯರಾತ್ರಿಗೆ ತೆರೆದರೂ ಒಂದೂವರೆಯವರೆಗೆ ಒಳಗೆ ಕಂಬಗಳೇ ಜಾಸ್ತಿ. ಹೆಸರಾಂತ ಡಿಜೆ ಬರುವಾಗ ಮೂರರ ಆಸುಪಾಸು. ಮಂಗಳ ಆರಕ್ಕೆ.

ಹಾಗಾಗಿ ಮೊದಲು ಎರಡೇ ರಾತ್ರಿ ಆರಿಸಿದೆ: ಒಂದು ಅಮ್ನೇಸಿಯಾ, ಇನ್ನೊಂದು 1973ರಿಂದ ನಡೆಯುತ್ತಿರುವ ಪಾಚಾ. ಮುಂಗಡ ಟಿಕೆಟ್ ಸರಾಸರಿ 55 ಯೂರೊ ಬಿತ್ತು. ಅವು ಕೈಗೆ ಬಂದ ಮೇಲೆ ಕೋಣೆ, ಕೋಣೆಯ ಮೇಲೆ ವಿಮಾನ. ಸೆಪ್ಟೆಂಬರ್ ಕೊನೆ ಏಕೆಂದರೆ ಕ್ಲಬ್ಬುಗಳು ಅಕ್ಟೋಬರ್ ಮೊದಲರ್ಧದವರೆಗೂ ನಡೆಯುತ್ತವೆ, ಕಡಲು ಬೆಚ್ಚಗಿರುತ್ತದೆ, ಶಾಲೆಯ ರಜೆ ಮುಗಿದು ಕೋಣೆಗಳ ಬೆಲೆ ಇಳಿದಿರುತ್ತದೆ. ಗಂಡಾಂತರ ಮಳೆಯದು. ನಮಗೂ ಒಂದು ಮಧ್ಯಾಹ್ನ ಆಕಾಶವೇ ಹರಿಯಿತು. ಅರ್ಧ ದಿನ ಇಸ್ಪೀಟಾಡಿದೆವು.

ಕೋಣೆ ಹಿಡಿದದ್ದು ಫಿಗೆರೆತಾಸ್‌ನಲ್ಲಿ. ನನಗೆ ಜಂಬ ಇರುವುದು ಈ ಆಯ್ಕೆಯ ಬಗ್ಗೆಯೇ. ಎಲ್ಲರೂ ಪ್ಲಾಯಾ ದೆನ್ ಬೊಸ್ಸಾದ ಗದ್ದಲಕ್ಕೋ, ಸಾನ್ ಆಂಟೋನಿಯೊದ ಬಾರ್ ಬೀದಿಗೋ ಹೋಗಿ ಬೀಳುತ್ತಾರೆ. ಫಿಗೆರೆತಾಸ್ ಎಂದರೆ ಇಬಿಜಾ ಪಟ್ಟಣಕ್ಕೂ ಬೊಸ್ಸಾಗೂ ನಡುವಿನ ಕೊಲ್ಲಿ. ಪಾಚಾಕ್ಕೆ ಬಂದರು ಬಳಸಿ ನಡೆದೇ ಹೋಗಬಹುದು, ಬೊಸ್ಸಾಗೂ ನಡಿಗೆಯ ದಾರಿ. ಟ್ಯಾಕ್ಸಿಗೆ ನಾವು ಒಂದು ಸೆಂಟೂ ಕೊಡಲಿಲ್ಲ. ಇಬ್ಬರ ಕೋಣೆಗೆ ರಾತ್ರಿಗೆ 95 ಇರಬೇಕು. ಮೇಲೆ ಪ್ರವಾಸಿ ತೆರಿಗೆ ದಿನಕ್ಕೆ ತಲೆಗೆ ಒಂದೆರಡು ಯೂರೊ.

ಮೊದಲ ದಿನವೇ ಎಡವಟ್ಟು. ವಿಮಾನ ನಿಲ್ದಾಣದಲ್ಲಿ ಇಬಿಜಾ ಎಂದು ಬರೆದ ಬಸ್ಸಿಗೆ ಕಾದೆವು. ಎರಡು ಬಸ್ ಕಣ್ಣೆದುರೇ ಹೋದವು, ಅವುಗಳ ಹಣೆಯ ಮೇಲೆ 'ಎಯ್ವಿಸ್ಸ' ಎಂದಿತ್ತು. ಅದು ಕೆಟಲಾನ್ ಭಾಷೆಯಲ್ಲಿ ಇದೇ ಊರಿನ ಹೆಸರು. ಬೆಂಗಳೂರು-ಬ್ಯಾಂಗಲೋರ್ ಜಗಳ ನೋಡಿ ಬೆಳೆದ ನಮಗೆ ಇಷ್ಟೂ ಹೊಳೆಯಲಿಲ್ಲ.

ದಿನಚರಿ ಹೀಗಿತ್ತು. ಸಂಜೆ ದಾಲ್ತ್ ವಿಲಾ ಕೋಟೆ ಹತ್ತುವುದು ಅಥವಾ ಬಸ್ ಹಿಡಿದು ಸಾನ್ ಆಂಟೋನಿಯೊದ ಸೂರ್ಯಾಸ್ತ. ಆ ಹೊತ್ತಿಗೆ ಅಲ್ಲಿ ಮುಳುಗುವುದು ಏಳೂಮುಕ್ಕಾಲಿಗೆ. ಪಾರ್ಟಿ ಇರುವ ದಿನ ಒಂಬತ್ತಕ್ಕೆ ಮಲಗಿ ಹನ್ನೆರಡೂವರೆಗೆ ಅಲಾರಂ. ಸ್ನಾನ, ಒಂದು ಲೋಟ ಮಜ್ಜಿಗೆ, ಒಂದೂಮುಕ್ಕಾಲಿಗೆ ಬಾಗಿಲಲ್ಲಿ. ಆರಕ್ಕೆ ಹೊರಗೆ, ಮಧ್ಯಾಹ್ನದವರೆಗೆ ಮತ್ತೆ ನಿದ್ದೆ.

ಭಾವಮೈದುನ ಒಪ್ಪಲಿಲ್ಲ. "ಭಾವ, ರಜೆಯಲ್ಲಿ ಒಂಬತ್ತಕ್ಕೆ ಮಲಗುವುದಕ್ಕೆ ನಾನೇನು ಪಿಂಚಣಿದಾರನೇ?" ಎಂದು ಅಮ್ನೇಸಿಯಾಗೆ ಮುಂಚೆಯೇ ಹೋದ. ಪಟ್ಟಣಕ್ಕೂ ಸಾನ್ ಆಂಟೋನಿಯೊಗೂ ನಡುವೆ ಹೆದ್ದಾರಿಯ ಬದಿಯಲ್ಲಿದೆ ಅದು. ರಾತ್ರಿಯ ಡಿಸ್ಕೊ ಬಸ್ ಸಿಗುತ್ತದೆ. ಖಾಲಿ ಸಭಾಂಗಣದಲ್ಲಿ ಬೇಸರ ಕಳೆಯಲು ಕುಡಿಯುತ್ತ ನಲವತ್ತು ಯೂರೊ ಕರಗಿಸಿದ್ದ. ನಾವು ಹೋದಾಗ ಅವನ ಕಣ್ಣು ಕೂರುತ್ತಿದ್ದವು. ಮೂರು ಗಂಟೆಗೆ, ನೆಲವೇ ನಡುಗುವಾಗ, ಅವನು ಗೋಡೆ ಪಕ್ಕದ ಬೆಂಚಿನ ಮೇಲೆ ಮಗುವಿನಂತೆ ನಿದ್ರಿಸುತ್ತಿದ್ದ. ಆ ಫೋಟೊ ನನ್ನ ಬಳಿ ಇದೆ. ಎರಡನೆಯ ಸಲ, ಪಾಚಾ ದಿನ, ಹೇಳದೆಯೇ ಎಂಟೂಮುಕ್ಕಾಲಿಗೆ ಹಾಸಿಗೆಯಲ್ಲಿದ್ದ.

ಒಳಗೆ ನೀರಿನ ಚಿಕ್ಕ ಬಾಟಲಿ ಹತ್ತು ಯೂರೊ ದಾಟಿತ್ತು, ಒಂದು ಕಡೆ ಹನ್ನೆರಡೋ ಏನೋ. ನಮ್ಮ ಪರಿಹಾರ ಮಜ್ಜಿಗೆ. ಸೂಪರ್‌ಮಾರ್ಕೆಟ್ಟಿನ ಗಟ್ಟಿ ಮೊಸರು, ನೀರು, ಊರಿನ ಇಂಗು, ಮತ್ತು ಅಲ್ಲಿಯದೇ ಸೆಸ್ ಸಲಿನೆಸ್ ಉಪ್ಪಿನಗದ್ದೆಗಳ ಉಪ್ಪು. ಫಿನೀಷಿಯನ್ನರ ಕಾಲದಿಂದ ಉಪ್ಪು ತೆಗೆದ ದ್ವೀಪ ಅದು. ಹೋಗುವ ಮುಂಚೆ ಒಂದು ಲೋಟ, ಬಂದ ಮೇಲೆ ಎರಡು. ಒಳಗೆ ನಾಲ್ವರಿಗೆ ಎರಡೇ ಬಾಟಲಿ ಸಾಕಾಯಿತು, ಮರುದಿನ ಯಾರಿಗೂ ತಲೆನೋವಿಲ್ಲ. ನನ್ನ ಧಾರವಾಡದ ಸಹೋದ್ಯೋಗಿ ಇದಕ್ಕೆ ಶೇಂಗಾ ಚಟ್ನಿಪುಡಿ ಸೇರಿಸಿ ನೋಡಿದರು. ಬೇಡ.

ಇನ್ನೊಂದು ಪ್ರಯೋಗ ಪೂರ್ತಿ ನೆಲಕಚ್ಚಿತು. ಕೋಣೆಯ ಕೆಟಲಿನಲ್ಲಿ ಪುಳಿಯೋಗರೆಗೆ ಅನ್ನ ಮಾಡಲು ಹೋಗಿ ಸ್ಪೇನಿನ ಗುಂಡು ಅಕ್ಕಿ ಹಾಕಿದೆ. ಉಕ್ಕಿ, ಅಂಟಿ, ಕೊನೆಗೆ ಇಡೀ ಮಹಡಿಯ ಕರೆಂಟು ಹೋಯಿತು. ಸ್ವಾಗತಕಟ್ಟೆಯ ಹೆಂಗಸಿನ ಮುಖ ನೋಡಲಾಗದೆ ಎರಡು ದಿನ ಹಿಂಬಾಗಿಲಿನಿಂದ ಓಡಾಡಿದೆ. ಗೊಜ್ಜವಲಕ್ಕಿ ಮಾತ್ರ ಬಿಸಿನೀರಿನಲ್ಲೇ ಅಚ್ಚುಕಟ್ಟಾಗಿ ಆಯಿತು. ಹೊರಗಿನ ಊಟಕ್ಕೆ ಆಲೂಗಡ್ಡೆಯ ಬ್ರಾವಾಸ್, ಹುರಿದ ಪಾದ್ರೋನ್ ಮೆಣಸಿನಕಾಯಿ, ಬ್ರೆಡ್. ಪುದೀನ ಹಾಕಿದ ಚೀಸಿನ ಸಿಹಿ, ಫ್ಲಾವೊ, ತಪ್ಪಿಸಬೇಡಿ. ಮೊಟ್ಟೆ ತಿನ್ನದವರು ಬಿಡಿ.

ಫಾರ್ಮೆಂಟೆರಾ ದ್ವೀಪಕ್ಕೆ ಹಡಗು ಅರ್ಧ ಗಂಟೆ. ಅಲ್ಲಿ ಸೈಕಲ್ ಬಾಡಿಗೆಗೆ ಹಿಡಿದೆವು. ದಡದಲ್ಲಿ ಕಂದು ಎಲೆಗಳ ರಾಶಿ ನೋಡಿ ಸಹೋದ್ಯೋಗಿ "ಗುಡಿಸುವವರಿಲ್ಲವೇ?" ಎಂದು ಮೂಗು ಮುರಿದರು. ಅದು ಪೊಸಿಡೋನಿಯಾ ಎಂಬ ಕಡಲಹುಲ್ಲು. ನೀರು ಗಾಜಿನಂತಿರಲು ಅದೇ ಕಾರಣ, ದಡದ ಮರಳು ಕೊಚ್ಚಿಹೋಗದಂತೆ ತಡೆಯುವುದೂ ಅದೇ.

ಬೊಸ್ಸಾದ ಉಶುವಾಯಾ ತೆರೆದ ಬಯಲಿನ ಕ್ಲಬ್ಬು. ಬಾಗಿಲಿಗೆ ಹಣ ಕೊಡದೆ ಹೊರಗಿನ ಮರಳಿನಲ್ಲಿ ಕುಳಿತೆವು. ವೇದಿಕೆ ಕಾಣದು, ಆದರೆ ಡೋಲಿನ ಪೆಟ್ಟು ಎದೆಗೆ ತಾಗುತ್ತದೆ. ದೂರದ ಗದ್ದೆಯ ಚೆಂಡೆ ಕೇಳಿದ ಹಾಗೆ. ಎಲ್ಲಿ ಕೂತರೆ ಸ್ಪಷ್ಟವಾಗಿ ಕೇಳುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಪಾಚಾ ಟಿಕೆಟ್ ಇನ್ನಷ್ಟು ಅಗ್ಗಕ್ಕೆ ಸಿಗುವ ಬಂದರಿನ ಬಾರಿನ ಹೆಸರೂ ನನ್ನಲ್ಲೇ ಇರಲಿ. ಮುಂದಿನ ಸಲಕ್ಕೆ ಬೇಕು.

ವಾಪಸು ಬರುವಾಗ ಜಾಣತನ ಅತಿಯಾಯಿತು. ನೇರ ವಿಮಾನದ ಬದಲು ದೆನಿಯಾಕ್ಕೆ ಹಡಗು, ಅಲ್ಲಿಂದ ಬಸ್ಸಿನಲ್ಲಿ ವಲೆನ್ಸಿಯಾ, ಅಲ್ಲಿಂದ ವಿಮಾನ. ಉಳಿದದ್ದು ತಲೆಗೆ ಇಪ್ಪತ್ತು ಯೂರೊ, ಹೋದದ್ದು ಒಂದು ಇಡೀ ದಿನ. ಅಲೆ ಎದ್ದು ಹೆಂಡತಿ ಎರಡು ಗಂಟೆ ಕಾಗದದ ಚೀಲ ಹಿಡಿದು ಕೂತಳು. ಹಡಗು ಇಳಿಯುವಾಗ, "ಆ ಇಪ್ಪತ್ತು ಯೂರೊ ನನಗೆ ಕೊಡಿ" ಎಂದಳು. ಕೊಟ್ಟೆ.

ಭಾವಮೈದುನ ಈಗ ನನ್ನ ವಿಧಾನದ ಪರಮಭಕ್ತ. ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಪಕ್ಕದ ಗದ್ದೆಯಲ್ಲಿ ಆಟವಿತ್ತು. ಎಂಟಕ್ಕೇ ಉಂಡು ಮಲಗಿ, ಹನ್ನೆರಡೂವರೆಗೆ ಎದ್ದು, ಮುಖ ತೊಳೆದು, ಶಾಲು ಹೊದ್ದು ಹೊರಟ. ಆದರೆ ಅದು ಕಾಲಮಿತಿಯ ಆಟ, ಬೆಳಗಿನವರೆಗೆ ನಡೆಯುವುದಲ್ಲ. ಅವನು ತಲುಪುವಾಗ ಮಂಗಳವಾಗಿ, ವೇಷ ಕಟ್ಟುವ ಚೌಕಿಯಲ್ಲಿ ಕಿರೀಟಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರಂತೆ.