ಬಾಲ್ಟಿಕ್ ಕ್ರೂಸ್: ದಡದ ಪ್ರವಾಸವನ್ನು ಆರಿಸುವುದು ಹೇಗೆ?

ಬಾಲ್ಟಿಕ್ ಸಮುದ್ರದ ವಿಹಾರಯಾನದಲ್ಲಿ ಹಡಗು ನಿಲ್ಲುವ ಪ್ರತಿ ಬಂದರಿನಲ್ಲೂ, ಇಳಿದು ಊರು ನೋಡಲು ಹಡಗಿನವರು ಏರ್ಪಡಿಸುವ ಪ್ರವಾಸವನ್ನೇ ಕೊಳ್ಳಬೇಕಾಗಿಲ್ಲ. ಬಂದರಿನಿಂದ ಊರು ಎಷ್ಟು ದೂರವೆಂಬುದನ್ನು ಮೊದಲು ನೋಡಬೇಕು. ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ ಹಡಗಿನಿಂದಿಳಿದು ಸುಮಾರು 20 ನಿಮಿಷ ನಡೆದರೆ ಹಳೆಯ ಪಟ್ಟಣದ ಕೋಟೆಬಾಗಿಲು ಸಿಗುವುದರಿಂದ, ಅಲ್ಲಿ ಬಸ್ಸಿನ ಪ್ರವಾಸಕ್ಕೆ ಹಣ ಕೊಡುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ಬೀದಿಗಳಿಗೆ ಕಲ್ಲು ಹಾಸಿರುವುದರಿಂದ ಗಟ್ಟಿ ಬೂಟು ಮಾತ್ರ ಇರಲಿ. ಜರ್ಮನಿಯ ವಾರ್ನೆಮುಂಡೆಯ ಮಾತು ಬೇರೆ. ಅಲ್ಲಿಂದ ಬರ್ಲಿನ್‌ಗೆ ಹೋಗಲು ಸುಮಾರು ಮೂರು ಗಂಟೆ, ಮರಳಲು ಮತ್ತೆ ಅಷ್ಟೇ ಹೊತ್ತು ಹಿಡಿಯುವುದರಿಂದ, ಬರ್ಲಿನ್ ನೋಡಲೇಬೇಕೆನ್ನುವವರು ಹಡಗಿನವರ ಪ್ರವಾಸವನ್ನೇ ಆರಿಸಿಕೊಳ್ಳುವುದು ಕ್ಷೇಮ. ಅವರ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಸ್ವಂತವಾಗಿ ಹೋದವರಿಗಾಗಿ ಕಾಯುವುದಿಲ್ಲ. ವಯಸ್ಸಾದವರು ಜೊತೆಗಿದ್ದರೆ ಬರ್ಲಿನ್ ಬಿಟ್ಟು, ಲೋಕಲ್ ರೈಲಿನಲ್ಲಿ ಹತ್ತಿರದ ರೋಸ್ಟಾಕ್‌ಗೆ ಹೋಗಿಬರುವುದು ಎಷ್ಟೋ ಮೇಲು. ಎಲ್ಲಿಗೇ ಹೋದರೂ, ಹಡಗು ಹೊರಡುವ ಸಮಯವನ್ನಲ್ಲ, ಪ್ರಯಾಣಿಕರು ಹಡಗಿಗೆ ಮರಳಬೇಕಾದ ಸಮಯವನ್ನು ಬರೆದಿಟ್ಟುಕೊಳ್ಳಿ.