ಎರಡರಲ್ಲಿ ಯಾವ ನಾಯಿಯನ್ನು ಕೊಡುವುದು?

ಬ್ರಹ್ಮಾವರದ ಸಮೀಪ ತೆಂಗಿನ ತೋಟದ ನಡುವೆ ಇರುವ ನಮ್ಮ ಮನೆಯಲ್ಲಿ ಎರಡು ಹೆಣ್ಣು ನಾಯಿಗಳಿದ್ದವು. ಹಿರಿಯದು ರೂಬಿ, ಒಂಬತ್ತು ವರ್ಷ ದಾಟಿದ ಲ್ಯಾಬ್ರಡಾರ್. ಕಿರಿಯದು ಕಾಳಿ, ಮೀನು ಮಾರುಕಟ್ಟೆಯ ಬಳಿ ಸಿಕ್ಕಿದ ಊರ ನಾಯಿ. ಇವೆರಡರ ನಡುವಿನ ಗುರುಗುಟ್ಟುವಿಕೆ ಕಚ್ಚಾಟಕ್ಕೆ ತಿರುಗಿ, ಒಂದನ್ನು ಬೇರೆ ಮನೆಗೆ ಕೊಡಲೇಬೇಕೆಂಬ ಸ್ಥಿತಿ ಬಂದಾಗ, ನಾವು ಕಾಯಿಲೆಯ ಮುದಿ ನಾಯಿಯನ್ನು ಉಳಿಸಿಕೊಂಡು ಗಟ್ಟಿಮುಟ್ಟಾದ ಎಳೆಯದನ್ನು ಕೊಟ್ಟೆವು. "ಸೊಂಟ ಬಿದ್ದದ್ದನ್ನು ಇಟ್ಟುಕೊಂಡು ಒಳ್ಳೆಯದನ್ನು ಯಾಕೆ ಕೊಡುತ್ತೀರಿ ಅಕ್ಕ?" ಎಂದು ಕೇಳದವರು ಕಡಿಮೆ. ಆದರೆ ದಿನವೂ ಔಷಧಿ ಬೇಕಾದ, ಮೆಟ್ಟಿಲು ಹತ್ತಲಾಗದ ನಾಯಿಯನ್ನು ಗುರುತಿಲ್ಲದ ಮನೆಗೆ ಕಳುಹಿಸಿದರೆ ಅಲ್ಲಿ ಮೊದಲು ನಿಲ್ಲುವುದು ಔಷಧಿ. ಎಳೆಯ ನಾಯಿ ಹೊಸ ಜನರಿಗೆ ಹೊಂದಿಕೊಳ್ಳುತ್ತದೆ, ಅದನ್ನು ಬಯಸಿ ಬರುವವರೂ ಇರುತ್ತಾರೆ.

ಜಗಳದ ಮೂಲ ಹುಡುಕಿದಾಗ ಸಿಕ್ಕಿದ್ದು ನೋವು. ಮಲಗಿದ್ದ ರೂಬಿಯ ಹಿಂಭಾಗಕ್ಕೆ ಕಾಳಿಯ ಮೈ ತಾಗಿದ ಕೂಡಲೇ ರೂಬಿ ತಿರುಗಿ ಬೀಳುತ್ತಿತ್ತು. ಬೇರೆ ಹೊತ್ತಿನಲ್ಲಿ ಎರಡೂ ತಮ್ಮ ಪಾಡಿಗೆ ಇರುತ್ತಿದ್ದವು. ಎಕ್ಸ್‌ರೇ ತೆಗೆಸಿದಾಗ ಸೊಂಟದ ಕೀಲುಗಳೆರಡೂ ಸವೆದಿರುವುದು ಕಂಡಿತು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ತಳಿಗಳಲ್ಲಿ ತೊಡೆಯ ಮೂಳೆಯ ತಲೆ ಸೊಂಟದ ಗುಳಿಯಲ್ಲಿ ಸರಿಯಾಗಿ ಕೂರದಿರುವ ದೋಷ ವಂಶದಿಂದಲೇ ಬರುವುದು ಸಾಮಾನ್ಯ. ಮೈ ತೂಕ ಹೆಚ್ಚಿದಷ್ಟೂ ಕೀಲು ಬೇಗ ಹಾಳಾಗುತ್ತದೆ. ವೈದ್ಯರು ಕೊಟ್ಟ ನೋವಿನ ಔಷಧಿಯನ್ನು ಊಟದ ಜೊತೆಗೆ ಮಾತ್ರ ಕೊಟ್ಟೆವು. ಮನುಷ್ಯರ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೇನ್ ಮಾತ್ರೆಯನ್ನು ನಾಯಿಗೆ ಅರ್ಧ ಮುರಿದು ಕೊಡುವ ರೂಢಿ ನಮ್ಮ ಕಡೆಯೂ ಇದೆ, ಅದು ನಾಯಿಯ ಯಕೃತ್ತಿಗೂ ಮೂತ್ರಪಿಂಡಕ್ಕೂ ಹೊಟ್ಟೆಗೂ ವಿಷವಾಗಬಲ್ಲದು. ಔಷಧಿಗಿಂತ ಹೆಚ್ಚು ಪ್ರಯೋಜನ ಕಂಡದ್ದು ಊಟದಲ್ಲಿ ಅನ್ನದ ಪಾಲನ್ನು ಇಳಿಸಿ ತೂಕ ಕರಗಿಸಿದ್ದರಿಂದ, ಮತ್ತು ಜಾರುವ ಟೈಲ್ಸ್ ನೆಲದ ಮೇಲೆ ಅಡುಗೆಮನೆಯಿಂದ ಚಾವಡಿಯವರೆಗೆ ತೆಂಗಿನ ನಾರಿನ ಚಾಪೆ ಹಾಸಿದ್ದರಿಂದ. ಮನೆ ನೋಡಲು ಚೆನ್ನಾಗಿಲ್ಲ, ನಿಜ. ಆದರೆ ರೂಬಿ ಕಾಲು ಜಾರದೆ ಎದ್ದು ನಿಲ್ಲುತ್ತದೆ.

ನೋವು ಇಳಿದರೂ ಹಗೆ ಇಳಿಯಲಿಲ್ಲ. ಒಂದೇ ಮನೆಯ ಎರಡು ಹೆಣ್ಣು ನಾಯಿಗಳಲ್ಲಿ ಒಮ್ಮೆ ರಕ್ತ ಬರುವ ಜಗಳ ಆದ ಮೇಲೆ ಅವನ್ನು ಮತ್ತೆ ಒಟ್ಟಿಗೆ ಬಿಡುವುದು ಕಷ್ಟ. ಒಂದನ್ನು ಕೋಣೆಯಲ್ಲಿ ಕೂಡಿ ಇನ್ನೊಂದನ್ನು ಬಿಡುವ ಸರದಿಯಲ್ಲಿ ಕೆಲವು ತಿಂಗಳು ದೂಡಿದೆವು. ಅತ್ತೆಯವರಿಗೆ ಎಪ್ಪತ್ತೈದು ದಾಟಿದೆ. ಬಾಗಿಲು ಹಾಕಲು ಮರೆತು, ಜಗಳ ಬಿಡಿಸಲು ಅವರು ಕೈ ಚಾಚಿದರೆ ಏನಾಗಬಹುದೆಂಬ ಭಯವೇ ನಮ್ಮ ನಿರ್ಧಾರವನ್ನು ಗಟ್ಟಿ ಮಾಡಿತು.

ಕೊಡುವ ಮೊದಲು ಕಾಳಿಯನ್ನು ಸರಿಪಡಿಸಬೇಕಿತ್ತು. ಮಳೆಗಾಲದ ಕೊನೆಯಲ್ಲಿ ಅದು ಊಟ ಬಿಟ್ಟಿತು, ವಸಡು ಬಿಳಚಿಕೊಂಡಿತು, ಜ್ವರ 104 ಡಿಗ್ರಿ ಮುಟ್ಟಿತು. ನಾಯಿಯ ಸಹಜ ಉಷ್ಣತೆಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಆಗಿರುವುದರಿಂದ ಕೈ ಮುಟ್ಟಿ ನೋಡಿ ಜ್ವರವೆಂದು ಹೇಳಲಾಗದು, ಮನೆಯಲ್ಲೊಂದು ಥರ್ಮಾಮೀಟರ್ ಬೇಕು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ತೀರ ಕುಸಿದಿತ್ತು. ಉಣ್ಣಿ ಕಡಿತದಿಂದ ಬರುವ ಎರ್ಲಿಕಿಯಾ ಸೋಂಕು ಎಂದು ಖಚಿತವಾಯಿತು. ಇದಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ತೂಕಕ್ಕೆ ತಕ್ಕಂತೆ ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಎರಡು ಮೂರು ದಿನಗಳಲ್ಲೇ ನಾಯಿ ಚುರುಕಾಗುವುದರಿಂದ ಅನೇಕರು ಅಲ್ಲಿಗೇ ಬಿಡುತ್ತಾರೆ. ಹಾಗೆ ಬಿಟ್ಟರೆ ಸೋಂಕು ಮೈಯಲ್ಲಿ ಅಡಗಿ ತಿಂಗಳುಗಳ ನಂತರ ಮಜ್ಜೆಗೆ ಹೊಡೆತ ಕೊಡಬಹುದು. ಬರಿ ಹೊಟ್ಟೆಗೆ ಕೊಟ್ಟರೆ ಮಾತ್ರೆ ವಾಂತಿಯಾಗುತ್ತದೆ. ಬೇಯಿಸಿದ ಬೂತಾಯಿ ಮೀನಿನ ಮುಳ್ಳು ತೆಗೆದು ಅದರೊಳಗೆ ಮಾತ್ರೆ ಅಡಗಿಸಿದರೆ ಕಾಳಿಗೆ ತಿಳಿಯುತ್ತಿರಲಿಲ್ಲ.

ನಾಯಿಗೆ ಚಿಕಿತ್ಸೆ ಮಾಡಿದರಷ್ಟೇ ಸಾಲದು, ಮನೆಗೂ ಮಾಡಬೇಕು. ನಾಯಿಯ ಕಂದು ಉಣ್ಣಿ ರಕ್ತ ಕುಡಿದ ಮೇಲೆ ಮೈಯಿಂದ ಇಳಿದು ಗೋಡೆಯ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ, ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಗಿಲಾವು ಮಾಡದ ಮುರಕಲ್ಲಿನ ಗೋಡೆಗೆ ಇದಕ್ಕಿಂತ ಒಳ್ಳೆಯ ಬಾಡಿಗೆದಾರ ಸಿಗಲಿಕ್ಕಿಲ್ಲ: ಕಲ್ಲಿನ ತೂತು ತೂತಿನಲ್ಲೂ ಉಣ್ಣಿ. ನಾಯಿಗಳು ಮಲಗುವ ಕಡೆಯ ಗೋಡೆಗೆ ಆಳೆತ್ತರದವರೆಗೆ ಸಿಮೆಂಟ್ ಮೆತ್ತಿಸಿ, ಗೋಣಿ ಹಾಸಿಗೆಗಳನ್ನು ಸುಟ್ಟು, ಎರಡೂ ನಾಯಿಗಳಿಗೆ ವೈದ್ಯರು ಸೂಚಿಸಿದ ಉಣ್ಣಿ ನಿವಾರಕ ಮಾತ್ರೆಯನ್ನು ತಪ್ಪದೆ ಕೊಟ್ಟೆವು. ಇದು ಮಂಗನ ಕಾಯಿಲೆ ತರುವ ಉಣ್ಣಿಯೇ ಎಂದು ನೆರೆಯವರೊಬ್ಬರು ಹೆದರಿದ್ದರು. ಆ ಕಾಯಿಲೆಯನ್ನು ಮುಖ್ಯವಾಗಿ ಹರಡುವ ಉಣ್ಣಿ ಕಾಡಿನ ಬೇರೆ ಜಾತಿಯದು.

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದೆ ಹೆಣ್ಣು ನಾಯಿಯನ್ನು ಕೊಡುವುದಿಲ್ಲವೆಂದು ನಿಶ್ಚಯಿಸಿದ್ದೆ, ಏಕೆಂದರೆ ಒಂದು ನಾಯಿಗೆ ಮನೆ ಹುಡುಕಿ ಆರು ಮರಿಗಳನ್ನು ಬೀದಿಗೆ ಹಾಕಿದಂತಾಗಬಾರದು. ಪ್ಲೇಟ್‌ಲೆಟ್ ಕಡಿಮೆಯಿರುವಾಗ ಕೊಯ್ದರೆ ರಕ್ತ ನಿಲ್ಲದಿರುವ ಅಪಾಯವಿದೆ, ಹಾಗಾಗಿ ಚಿಕಿತ್ಸೆ ಮುಗಿದು ಎಣಿಕೆ ಎರಡು ಲಕ್ಷದ ಮೇಲೆ ನಿಂತ ನಂತರವೇ ಶಸ್ತ್ರಚಿಕಿತ್ಸೆ ಮಾಡಿಸಿದೆವು. ರೇಬೀಸ್ ಲಸಿಕೆಯೂ, ಇಲಿ ಜ್ವರದ ಅಂಶವಿರುವ ಸಂಯುಕ್ತ ಲಸಿಕೆಯೂ ಆದವು. ಮಳೆಗಾಲದಲ್ಲಿ ಗದ್ದೆ ತೋಟದ ನೀರಿನಲ್ಲಿ ಓಡಾಡುವ ಕರಾವಳಿಯ ನಾಯಿಗಳಿಗೆ ಈ ಎರಡನೆಯದು ಬಹಳ ಮುಖ್ಯ.

ಮನೆ ಹುಡುಕುವಾಗ ಕಾಳಿಯ ಫೋಟೊಕ್ಕಿಂತ ಕಾಗದಗಳನ್ನೇ ಮುಂದಿಟ್ಟೆ. ಉಣ್ಣಿ ಜ್ವರ ಬಂದಿತ್ತು, ಇನ್ನೊಂದು ಹೆಣ್ಣು ನಾಯಿಯೊಂದಿಗೆ ಆಗುವುದಿಲ್ಲ ಎಂದು ಮೊದಲ ಮಾತಿನಲ್ಲೇ ಹೇಳಿದಾಗ ಹೆಚ್ಚಿನವರು ಫೋನ್ ಇಟ್ಟರು. ಇಟ್ಟದ್ದೇ ಒಳ್ಳೆಯದಾಯಿತು. ಉಳಿದವರಲ್ಲಿ ಒಬ್ಬರು ಕೊಲ್ಲಿಗೆ ಹೋಗುವವರು, ವಯಸ್ಸಾದ ತಂದೆತಾಯಿಗೆ ಕಾವಲಿಗೆಂದು ನಾಯಿ ಕೇಳಿದರು. ಆ ಹಿರಿಯರಿಗೆ ನಾಯಿ ಬೇಕೇ ಎಂದು ಯಾರೂ ಕೇಳಿರಲಿಲ್ಲ, ಆದ್ದರಿಂದ ಒಪ್ಪಲಿಲ್ಲ. ಹೆಬ್ರಿ ಕಡೆಯ ಅಡಿಕೆ ತೋಟದ ಕುಟುಂಬವೊಂದು ನಮಗೆ ಹಿಡಿಸಿತು. ಅಲ್ಲಿ ನನ್ನ ಮುಖ್ಯ ಷರತ್ತು ರಾತ್ರಿಯದಾಗಿತ್ತು: ಕಾಡಿನಂಚಿನ ಆ ಊರುಗಳಲ್ಲಿ ಅಂಗಳದಲ್ಲಿ ಕಟ್ಟಿಹಾಕಿದ ನಾಯಿಯನ್ನು ಚಿರತೆ ಒಯ್ಯುವುದು ಹೊಸತಲ್ಲ, ಆದ್ದರಿಂದ ಕತ್ತಲಾದ ಮೇಲೆ ಕಾಳಿ ಗ್ರಿಲ್ ಹಾಕಿದ ಜಗಲಿಯೊಳಗೆ ಇರಬೇಕು. ಹಗಲಿಡೀ ಸರಪಳಿ ಬೇಡ, ಹೊಂದಿಕೆಯಾಗದಿದ್ದರೆ ಮೂರನೆಯವರಿಗೆ ದಾಟಿಸದೆ ನಮಗೇ ಹಿಂದಿರುಗಿಸಬೇಕು ಎಂಬುದನ್ನೂ ಸೇರಿಸಿ ಒಂದು ಪುಟ ಬರೆದು ಇಬ್ಬರೂ ಸಹಿ ಹಾಕಿದೆವು. ನಾಯಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಎಲ್ಲೆಂದರಲ್ಲಿ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಎಂಬುದು ಆ ಮನೆಯ ಯಜಮಾನರಿಗೆ ನನಗಿಂತ ಮೊದಲೇ ಗೊತ್ತಿತ್ತು.

ದೀಪಾವಳಿಯ ಪಟಾಕಿ ಸದ್ದು ಮುಗಿಯುವವರೆಗೆ ಕಾದು, ಆಮೇಲೆ ಕಳುಹಿಸಿದೆವು. ಅದಕ್ಕೂ ಮೊದಲು ಅವರು ನಮ್ಮಲ್ಲಿಗೆ ಬಂದು ತಾವೇ ಅದಕ್ಕೆ ಊಟ ಹಾಕಿದ್ದರು, ಅದರೊಂದಿಗೆ ತೋಟ ಸುತ್ತಿದ್ದರು. ಕಾಳಿ ಮಲಗುತ್ತಿದ್ದ ಹಳೆಯ ಬೆಡ್‌ಶೀಟನ್ನು ತೊಳೆಯದೆ ಜೊತೆಗೆ ಕೊಟ್ಟೆವು. ಊಟದ ಹೊತ್ತು, ಪ್ರಮಾಣ ಎಲ್ಲವನ್ನೂ ಬರೆದುಕೊಟ್ಟು, ಮೊದಲ ಕೆಲವು ವಾರ ಬೆಲ್ಟಿಲ್ಲದೆ ಹೊರಗೆ ಬಿಡಬೇಡಿ ಎಂದೆ. ಹೊಸ ಜಾಗದಲ್ಲಿ ತಪ್ಪಿಸಿಕೊಂಡ ನಾಯಿಗೆ ಹಿಂದಿರುಗಲು ದಾರಿ ಗೊತ್ತಿರುವುದಿಲ್ಲ. ಆ ದಿನಗಳಲ್ಲಿ ನಾವೂ ನೋಡಲು ಹೋಗಲಿಲ್ಲ.

ಮರು ಬೇಸಿಗೆಯಲ್ಲಿ ಅವರು ಗಾಬರಿಯಿಂದ ಕರೆ ಮಾಡಿದರು: ಲಸಿಕೆಗೆ ಹೋದಾಗ ಮಾಡಿದ ಎರ್ಲಿಕಿಯಾ ಸ್ಟ್ರಿಪ್ ಪರೀಕ್ಷೆ ಪಾಸಿಟಿವ್ ಬಂದಿತ್ತು. ಆ ಪಟ್ಟಿ ಗುರುತಿಸುವುದು ರೋಗಾಣುವನ್ನಲ್ಲ, ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯಗಳನ್ನು. ಕಾಯಿಲೆ ಗುಣವಾದ ಮೇಲೂ ಅವು ಬಹುಕಾಲ ರಕ್ತದಲ್ಲಿರುತ್ತವೆ. ನಾನು ಕೊಟ್ಟ ಕಡತದಲ್ಲಿ ಹಿಂದಿನ ಚಿಕಿತ್ಸೆಯ ವಿವರ ಇದ್ದುದರಿಂದ ಅವರ ವೈದ್ಯರು ಸ್ಟ್ರಿಪ್ ಒಂದನ್ನೇ ನಂಬಿ ಮತ್ತೆ ಮಾತ್ರೆ ಶುರು ಮಾಡದೆ ರಕ್ತದ ಎಣಿಕೆ ಮಾಡಿಸಿದರು. ಪ್ಲೇಟ್‌ಲೆಟ್ ಸರಿಯಾಗಿತ್ತು, ಜ್ವರವಿರಲಿಲ್ಲ, ಔಷಧಿ ಬೇಕಾಗಲಿಲ್ಲ.